ಬಿಚ್ಚಿದ ಸಾಮಾನು ಮಾಲಕರ ಮನಿಗೆ

ನಮ್ಮ ಮನೆಯ ತುಳಸಿ ಕುಂಡದ ಕೆಳಗೆ ಒಂದು ಕ್ಲಚ್ ಪ್ಲೇಟ್ ಇದೆ. ಮೊದಲ ಸಲ ಮನೆಗೆ ಬಂದವರು ಬಗ್ಗಿ ನೋಡಿ, ಇದು ಯಾವ ದೇವರ ಯಂತ್ರ, ಎಲ್ಲಿ ಸಿಕ್ಕಿತು ಎಂದು ಭಕ್ತಿಯಿಂದ ಕೇಳುತ್ತಾರೆ. ಸೂಪಾದ ಹತ್ತಿರ ಕಾಡಿನಲ್ಲಿ ಸಿಕ್ಕಿತು ಎನ್ನುತ್ತೇನೆ. ಅದು ಪೂರ್ತಿ ಸುಳ್ಳೇನಲ್ಲ. ಒಬ್ಬಿಬ್ಬರು ಕೈ ಮುಗಿದೂ ಹೋಗಿದ್ದಾರೆ. ಅಡುಗೆಮನೆಯ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ನಿಂತಿರುವುದು ಒಂದು ಬ್ರೇಕ್ ಶೂ. ಹಿತ್ತಲಲ್ಲಿ ದೊಡ್ಡಪತ್ರೆ ಬೆಳೆದಿರುವುದು ಬ್ರೇಕ್ ಡ್ರಮ್ಮಿನಲ್ಲಿ. ಕರೆಂಟ್ ಬಿಲ್ಲಿನ ಮೇಲೆ ಒಂದು ಬೇರಿಂಗು ಕೂತಿದೆ. ಇವನ್ನೆಲ್ಲ ಕೂಡಿಸಿದರೆ ಇನ್ನೊಂದು ಕಾರಾಗುತ್ತದೆ, ಅದು ಈಗಿರುವುದಕ್ಕಿಂತ ಚೆನ್ನಾಗಿ ಓಡುತ್ತದೆ ಎಂದು ನಮ್ಮ ಮನೆಯವರು ಬಂದವರೆದುರು ಹಾಸ್ಯ ಮಾಡುತ್ತಾರೆ.

ಈ ಹಳೆಯ ಸಾಮಾನುಗಳ ನಡುವೆ ಕೂತುಕೊಂಡು ನಾನು ಈಚೆಗೆ ಎರಡು ದಿನ ಒಂದೇ ಪಟ್ಟಿಯನ್ನು ಓದಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಮಕ್ಕಳ ಉತ್ತರಪತ್ರಿಕೆಗಳನ್ನು ನಿಮಿಷಕ್ಕೊಂದರಂತೆ ಮುಗಿಸಿದವಳಿಗೆ ಏಳು ಸಾಲಿನ ಪಟ್ಟಿ ಮುಗಿಯಲಿಲ್ಲ ನೋಡಿ. ಅದು ಹುಬ್ಬಳ್ಳಿಯ ಶೋರೂಮಿನವರು ನಮ್ಮ ಕಾರನ್ನು ಪರೀಕ್ಷೆ ಮಾಡಿ ಫೋನಿಗೆ ಕಳಿಸಿದ ಪಟ್ಟಿ. ಇಂತಿಂಥ ರಿಪೇರಿ ಮಾಡಿಸಿದರೆ ಒಳ್ಳೆಯದು ಎನ್ನುವ ಶಿಫಾರಸು. ಕ್ಲಚ್ ಪೂರ್ತಿ ಬದಲಿಸಬೇಕು, ಎಂಜಿನ್ನಿನ ಒಳಗೆ ತೊಳೆಯಬೇಕು, ಎಡಗಡೆಯ ಶಾಕ್ ಅಬ್ಸಾರ್ಬರ್ ಸೋರುತ್ತಿದೆ, ಎಸಿ ಸ್ವಚ್ಛ ಆಗಬೇಕು, ಹೀಗೆ. ಕೆಳಗಿನ ಮೊತ್ತವನ್ನು ಇಲ್ಲಿ ಹೇಳುವುದಿಲ್ಲ, ನಿಮಗೂ ಎದೆ ಧಸಕ್ಕೆಂದೀತು. ಆದರೆ ನನ್ನನ್ನು ಕಂಗೆಡಿಸಿದ್ದು ಮೊತ್ತವಲ್ಲ, ಏಳನೆಯ ಸಾಲು. ಕ್ಲಚ್ ಪೆಡಲ್ ಮೇಲೆ ಕಟ್ಟಿರುವ ಕಟ್ಟಿಗೆಯನ್ನು ಕೂಡಲೇ ತೆಗೆಯಬೇಕು ಎಂದು ಅಲ್ಲಿ ಬರೆದಿತ್ತು.

ನಾನು ನಾಲ್ಕಡಿ ಒಂಬತ್ತಂಗುಲ ಇದ್ದೇನೆ. ಶಾಲೆಯಲ್ಲಿ ಬೋರ್ಡಿನ ಮೇಲಿನ ಅರ್ಧ ಯಾವತ್ತೂ ಖಾಲಿ ಇರುತ್ತಿತ್ತು. ಆ ಕಟ್ಟಿಗೆ ಇದ್ದರೆ ಮಾತ್ರ ನನ್ನ ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತುತ್ತದೆ. ಅದು ಹೋದರೆ ನಾನು ಡ್ರೈವರ್ ಸೀಟಿನಿಂದ ಇಳಿದು ಮೊದಲಿನಂತೆ ಪಕ್ಕದ ಸೀಟಿಗೆ ಹೋಗಿ ಚೀಲ ಹಿಡಿದು ಕೂರಬೇಕು. ಅದೂ ಯಾರ ಪಕ್ಕದಲ್ಲಿ? ದಾಂಡೇಲಿಯ ಕಾಗದದ ಮಿಲ್ಲಿನಿಂದ ನಿವೃತ್ತರಾದ ನಮ್ಮ ಮನೆಯವರಿಗೆ ಈ ವರ್ಷ ಮೊಣಕಾಲಿನ ಆಪರೇಷನ್ ಆಗಿದೆ, ಅವರು ಇನ್ನು ಗಾಡಿ ಮುಟ್ಟುವಂತಿಲ್ಲ. ಪಟ್ಟಿ ನೋಡಿದ್ದೇ ಅವರು, ಎಕ್ಸ್‌ಚೇಂಜಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದರು. ಪ್ರತಿ ಗುರುವಾರ ನಾನೊಬ್ಬಳೇ ಗಾಡಿ ಓಡಿಸಿಕೊಂಡು ಜೋಯಿಡಾಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳತಿ ಇದ್ದಾಳೆ. ಅವಳ ಕೈಯ ಊಟ ಮಾಡಿ, ಊರವರನ್ನೆಲ್ಲ ಆಡಿಕೊಂಡು, ಸಂಜೆ ಸೂಪಾದ ಮೇಲೆ ಹಾಯ್ದು ಬರುತ್ತೇನೆ. ಬಸ್ಸಿಲ್ಲವೇ ಎಂದು ನೀವು ಕೇಳಬಹುದು. ಇದೆ. ಬಸ್ಸಿನಲ್ಲಿ ಹೋದರೆ ಬಸ್ಸು ಹೋದಾಗ ಹೋಗಬೇಕು, ಅಷ್ಟೇ ವ್ಯತ್ಯಾಸ.

ಆ ಕಟ್ಟಿಗೆಯನ್ನು ಕಟ್ಟಿಕೊಟ್ಟವರು ಇನಾಸ ಮಿಸ್ತ್ರಿ. ನಮ್ಮ ಮನೆಯಲ್ಲಿ ಸಾಮಾನು ತುಂಬಿಸಿದವರೂ ಅವರೇ. ಹಳಿಯಾಳದಿಂದ ದಾಂಡೇಲಿ ರಸ್ತೆಗೆ ಹೊರಳುವಲ್ಲಿ ಒಂದು ಹುಣಸೆಮರದ ಕೆಳಗೆ ಅವರ ಗ್ಯಾರೇಜು ಇತ್ತು. ಗೋಡೆ ಮೂರೇ, ನಾಲ್ಕನೆಯದರ ಬದಲು ರಸ್ತೆ. ಪ್ರವಾಸಕ್ಕೆ ಬಂದವರು ಗಾಡಿ ಕೆಟ್ಟು ಅಲ್ಲಿ ನಿಂತಾಗ ಅವರ ಗುಂಗುರು ಕೂದಲನ್ನೂ ಮೈಬಣ್ಣವನ್ನೂ ನೋಡಿ, ನೀವು ಆಫ್ರಿಕಾದವರೇ ಎಂದು ಕೇಳುತ್ತಿದ್ದರು. ಮಿಸ್ತ್ರಿ ಸ್ಪ್ಯಾನರಿನಿಂದ ಕಣ್ಣೆತ್ತದೆ, ನಾನು ಹಳಿಯಾಳದವನು, ನಿಮ್ಮದು ಯಾವ ದೇಶ ಎನ್ನುತ್ತಿದ್ದರು. ಬೆಂಗಳೂರು ಎಂದರೆ, ಬಹಳ ದೂರದಿಂದ ಬಂದಿರಿ ಎಂದು ಮರುಗುತ್ತಿದ್ದರು. ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಜೊತೆ ನಮ್ಮ ಕನ್ನಡ, ತುಕ್ಕು ಹಿಡಿದ ನಟ್ಟಿನ ಜೊತೆ ಮಾತ್ರ ಉರ್ದು.

ಅವರದೊಂದು ಪದ್ಧತಿ ಇತ್ತು. ಗಾಡಿಯಿಂದ ಏನು ಬಿಚ್ಚಿದರೂ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಲ್ಲಿ ಸವೆದಿದೆ ಎಂದು ಮಾಲಕರ ಬೆರಳು ಹಿಡಿದು ಮುಟ್ಟಿಸಿ, ಆಮೇಲೆ ಕಾಗದದಲ್ಲಿ ಸುತ್ತಿ ಕೈಗೆ ಕೊಡುವುದು. “ಬಿಚ್ಚಿದ ಸಾಮಾನು ಮಾಲಕರ ಮನಿಗೆ.” ಬೆರಳಿಗೆ ಸವೆತ ಸಿಗದಿದ್ದರೆ ಹೊಸದು ಹಾಕುತ್ತಿರಲಿಲ್ಲ, ಹಳೆಯದನ್ನೇ ತಿರುಗಿ ಕೂಡಿಸುತ್ತಿದ್ದರು. ಇದನ್ನು ತಗೊಂಡು ಏನು ಮಾಡಲಿ, ನೀವೇ ಒಗೆಯಿರಿ ಎಂದು ಯಾರಾದರೂ ಅಂದರೆ ಮಿಸ್ತ್ರಿಗೆ ಸಿಟ್ಟು ಬರುತ್ತಿತ್ತು. ಒಯ್ದು ಮನೆಯಲ್ಲಿ ಒಗೆಯಿರಿ, ನನ್ನ ಕಣ್ಣೆದುರು ಬೇಡ ಎನ್ನುತ್ತಿದ್ದರು. ಸುತ್ತುವ ಕಾಗದ ಒದಗಿಸುತ್ತಿದ್ದವಳು ನಾನು. ಶಾಲೆಯಲ್ಲಿ ರದ್ದಿಗೆ ಹೋಗುವ ಹಳೆಯ ಉತ್ತರಪತ್ರಿಕೆಗಳ ಕಟ್ಟನ್ನು ವರ್ಷಕ್ಕೊಮ್ಮೆ ಗ್ಯಾರೇಜಿಗೆ ಮುಟ್ಟಿಸುತ್ತಿದ್ದೆ. ತುಳಸಿ ಕೆಳಗಿನ ಕ್ಲಚ್ ಪ್ಲೇಟು ನಮ್ಮ ಮನೆಗೆ ಬಂದದ್ದು ಇಪ್ಪತ್ತೈದಕ್ಕೆ ನಾಲ್ಕು ಅಂಕ ತೆಗೆದ ಒಂದು ಮಗುವಿನ ಸಂಧಿ ಸಮಾಸದೊಳಗೆ.

ನನಗೆ ಈ ಪದ್ಧತಿ ಹಿಡಿಸಿದ್ದಕ್ಕೆ ನಮ್ಮ ಅಪ್ಪ ಕಾರಣ. ಅಪ್ಪ ನವಲಗುಂದದ ಕಡೆಯಿಂದ ಬಂದು ಮಿಲ್ಲಿಗೆ ಸೇರಿದವನು. ಎರೆಮಣ್ಣಿನ ಊರವನು ಕಾಡಿಗೆ ಬಂದಿದ್ದನಲ್ಲ, ಮರ ಒಂದನ್ನು ಬಿಟ್ಟು ಯಾರನ್ನೂ ನಂಬುತ್ತಿರಲಿಲ್ಲ. ಸೈಕಲ್ ರಿಪೇರಿಗೆ ಹೋದರೆ ಅಂಗಡಿಯವನ ಎದುರು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ಚಕ್ರದ ಒಳಗಿನ ಹಳೆಯ ಗುಂಡುಗಳನ್ನೆಲ್ಲ ತನ್ನ ಅಂಗೈಗೆ ಹಾಕಿಸಿಕೊಂಡ ಮೇಲೇ ಏಳುವುದು. ಆ ಗುಂಡುಗಳು ನಮಗೆ ಗೋಲಿ. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೇರೆ ಮಕ್ಕಳು ಗಾಜಿನ ಗೋಲಿ ಆಡಿದರೆ ನಾವು ಉಕ್ಕಿನ ಗೋಲಿ ಆಡಿದೆವು. ಎಣ್ಣೆಯ ಜಿಡ್ಡು ಅಂಗೈಗೆ ಹತ್ತಿ, ಅದೇ ಕೈಯಲ್ಲಿ ರೊಟ್ಟಿ ತಿಂದರೆ ಅವ್ವನಿಂದ ಒಂದು ಏಟು ಬೀಳುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿದರೆ ಅವ್ವ ಅನ್ನಕ್ಕೆ ಎಸರಿಡುತ್ತಿದ್ದಳು, ಎರಡನೆಯ ಸಲ ಕೂಗಿದರೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಬಂದದ್ದು ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ. ಬಂದ ಮೇಲೂ ಯಾರೂ ಅದನ್ನು ನೋಡುತ್ತಿರಲಿಲ್ಲ.

ಭೋಂಗಾದಷ್ಟೇ ನಮ್ಮನ್ನು ಆಳಿದ್ದು ಮಿಲ್ಲಿನ ವಾಸನೆ. ಬಿದಿರು ಬೆಂದು ಕಾಗದವಾಗುವಾಗ ಏಳುವ ಆ ವಾಸನೆಗೆ ಹೊರಗಿನವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಹುರುಳಿಕಟ್ಟು ಹಳಸಿ ಅದರೊಳಗೆ ರಬ್ಬರು ಸುಟ್ಟ ಹಾಗೆ ಇರುತ್ತಿತ್ತು ಅನ್ನಿ. ಆದರೆ ಅವ್ವ ಅದಕ್ಕೆ ಪಗಾರದ ವಾಸನೆ ಎನ್ನುತ್ತಿದ್ದಳು. ಬೇಸಿಗೆ ರಜೆಗೆ ನವಲಗುಂದಕ್ಕೆ ಹೋಗಿ ತಿರುಗಿ ಬರುವಾಗ ಬಸ್ಸಿನಲ್ಲಿ ಮೊದಲ ಸಲ ಆ ವಾಸನೆ ಮೂಗಿಗೆ ಬಡಿಯಿತೆಂದರೆ ನಾವೆಲ್ಲ ಎದ್ದು ನಿಂತು, ಮಿಲ್ ವಾಸನಿ ಬಂತು, ಊರು ಬಂತು ಎಂದು ಗಂಟುಮೂಟೆ ಇಳಿಸುತ್ತಿದ್ದೆವು. ಈಗ ವಾಸನೆ ಮೊದಲಿನಷ್ಟಿಲ್ಲ. ಒಳ್ಳೆಯದೇ ಆಯಿತು ಎಂದು ಬಾಯಲ್ಲಿ ಹೇಳುತ್ತೇನೆ. ಕೆಲವು ದಿನ ಬೆಳಗ್ಗೆ ಎದ್ದು ಅಂಗಳದಲ್ಲಿ ನಿಂತು ಮೂಗು ಅರಳಿಸಿ ಹುಡುಕುತ್ತೇನೆ. ನಾತಕ್ಕಾಗಿ ಹಂಬಲಿಸುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈ ಮೂಗೇ ನಮಗೆ ಒಮ್ಮೆ ಮೋಸ ಮಾಡಿತು. ಯಾರೋ ಮೂರು ವರ್ಷ ಓಡಿಸಿ ಬಿಟ್ಟ ಈ ಕಾರನ್ನು ನಾವು ಕೊಂಡ ಹೊಸತು. ಅಣಶಿಯ ಕಡೆ ಒಂದು ಮದುವೆಗೆ ಹೋಗಿ ತಿರುಗಿ ಬರುತ್ತಿದ್ದೆವು. ನಮ್ಮ ಮನೆಯವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅವ್ವ ಹಿಂದೆ. ಸೂಪಾದ ಏರು ಹತ್ತುವಾಗ ವಾಸನೆ ಬಂತು. ನಮ್ಮ ಮನೆಯವರು, ಬಂತು ನೋಡ್ರಿ ದಾಂಡೇಲಿ ಎಂದರು. ನಾನು ಮಡಿಲಲ್ಲಿದ್ದ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿದೆ. ಅವ್ವ ಹಿಂದಿನ ಸೀಟಿನಲ್ಲಿ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿ ಹಾಕಿಕೊಂಡಳು. ದಾಂಡೇಲಿ ಇನ್ನೂ ಒಂದು ತಾಸಿನ ದಾರಿ ಇದೆ, ಸುತ್ತ ಬರೀ ಕಾಡು ಇದೆ ಎಂದು ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಊರು ಬಂತೆಂಬ ಸಂತೋಷದಲ್ಲಿ ಅವರು ಇನ್ನಷ್ಟು ಆಕ್ಸಲರೇಟರ್ ಒತ್ತಿದರು. ಬಾನೆಟ್ಟಿನಿಂದ ಹೊಗೆ ಎದ್ದು ಗಾಡಿ ನಿಂತಾಗ ಅವ್ವ ಇಳಿದು ಮನೆಯ ಬಾಗಿಲಿಗಾಗಿ ಸುತ್ತ ನೋಡಿದಳು.

ಹಳಿಯಾಳದಿಂದ ಮೋಟಾರ್ ಸೈಕಲ್ಲಿನ ಮೇಲೆ ಬಂದ ಇನಾಸ ಮಿಸ್ತ್ರಿ ಹತ್ತು ಮಾರು ದೂರದಲ್ಲೇ ಮೂಗು ಮುಚ್ಚಿಕೊಂಡರು. ಕ್ಲಚ್ ಸುಡುವ ವಾಸನೆ ಬರಲಿಲ್ಲವೇ ಎಂದು ಕೇಳಿದರು. ನಾವು ಮೂವರೂ ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದೆವು. ಅವರು ರಸ್ತೆಯಲ್ಲಿ ಕೂತು ನಕ್ಕರು. “ದಾಂಡೇಲಿಯವರ ಕಣ್ಣ ನಂಬಬೇಕ್ರಿ, ಕಿವಿ ನಂಬಬೇಕು. ಮೂಗ ಮಾತ್ರ ನಂಬಬಾರದು.” ಆವತ್ತು ಬಿಚ್ಚಿದ ಪ್ಲೇಟೇ ತುಳಸಿಯ ಕೆಳಗಿನದು.

ಆ ಪ್ರಸಂಗದ ಮೇಲೆ, ಇವರು ಗಾಡಿ ಸುಡುತ್ತಾರೆ, ನೀನು ಓಡಿಸಲು ಕಲಿ ಎಂದು ಹಟ ಹಿಡಿದವಳು ಅವ್ವ. ನಲವತ್ತೊಂಬತ್ತನೆಯ ವರ್ಷದಲ್ಲಿ ಕಲಿಯಲು ಕೂತರೆ ಕಾಲು ಪೆಡಲಿಗೆ ಮುಟ್ಟಲಿಲ್ಲ. ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಕೈಚೀಲದಲ್ಲಿ ಕಟ್ಟಿಗೆಯದು ಏನಾದರೂ ಇದೆಯೇ ಎಂದು ಕೇಳಿದರು. ಒಂದು ಡಸ್ಟರ್ ಇತ್ತು. ಬೋರ್ಡ್ ಒರೆಸಿ ಒರೆಸಿ ಬಟ್ಟೆ ಹರಿದಿತ್ತು, ಹಿಡಿಕೆ ಮಾತ್ರ ಗಟ್ಟಿ ಸಾಗವಾನಿ. ಅವರು ಬಟ್ಟೆ ಕಿತ್ತು, ಎರಡು ತೂತು ಕೊರೆದು, ಎರಡು ಬೋಲ್ಟು ಹಾಕಿ ಪೆಡಲಿಗೆ ಬಿಗಿದರು. ಅಳತೆ ಹಿಡಿದು ಮಾಡಿಸಿದ ಹಾಗೆ ಕೂತಿತು. ಒಂದು ತಿಂಗಳಿಗೆ ಮಾತ್ರ, ಕಾಲಿಗೆ ಧೈರ್ಯ ಬಂದ ಮೇಲೆ ತಗೊಂಡು ಬನ್ನಿ, ಬಿಚ್ಚುತ್ತೇನೆ ಎಂದರು. ನಾನು ಬಿಚ್ಚಿಸಲು ಹೋಗಲೇ ಇಲ್ಲ. ಆ ಡಸ್ಟರಿನ ಮೇಲೆ ಕಾಲಿಟ್ಟಾಗೆಲ್ಲ ನನಗೆ ನಾನು ಎತ್ತರದ ಹೆಂಗಸು ಅನ್ನಿಸುತ್ತಿತ್ತು, ಯಾಕೆ ಬಿಚ್ಚಿಸಲಿ?

ಇನ್ನು ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆರು ವರ್ಷದ ಹಿಂದೆ ನಾವು ಮಿಸ್ತ್ರಿಯ ಹತ್ತಿರ ಹೋಗುವುದನ್ನು ಬಿಟ್ಟೆವು. ಜಗಳವಿಲ್ಲ, ತಕರಾರಿಲ್ಲ. ಶೋರೂಮಿನವರದು ವರ್ಷದ ಪ್ಯಾಕೇಜ್ ಬಂತು, ಅವರ ಸೀಲು ಇದ್ದರೆ ಮುಂದೆ ಗಾಡಿ ಮಾರುವಾಗ ಬೆಲೆ ಬರುತ್ತದೆ ಎಂದು ಯಾರೋ ಹೇಳಿದರು, ನಮ್ಮ ಮನೆಯವರು ಹುಬ್ಬಳ್ಳಿಗೆ ಹೋಗತೊಡಗಿದರು. ಮೊದಮೊದಲು ಹುಣಸೆಮರ ಹಾಯುವಾಗ ನಾನು ಹಾರ್ನ್ ಹೊಡೆದು ಕೈ ಮಾಡುತ್ತಿದ್ದೆ. ಮಿಸ್ತ್ರಿಯೂ ಸ್ಪ್ಯಾನರ್ ಎತ್ತುತ್ತಿದ್ದರು. ಆಮೇಲೆ ಹಾರ್ನ್ ಹೊಡೆಯುವುದಕ್ಕೆ ಮುಜುಗರ ಆಗತೊಡಗಿತು. ಆಮೇಲೆ ಆ ಕಡೆ ನೋಡುವುದಕ್ಕೇ. ಒಂದು ದಿನ ಧೈರ್ಯ ಮಾಡಿ ನೋಡಿದರೆ ಅಲ್ಲಿ ಗ್ಯಾರೇಜಿಲ್ಲ, ಬರ್ತ್‌ಡೇ ಕೇಕಿನ ಅಂಗಡಿ ಇದೆ. ಒಬ್ಬ ಮನುಷ್ಯನಿಗೆ ಬೆನ್ನು ತಿರುಗಿಸಲು ಇಷ್ಟು ಸುಲಭದ ದಾರಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಡಸ್ಟರನ್ನು ಮಾತ್ರ ಬಿಡಲಿಲ್ಲ. ಶೋರೂಮಿನವರು ನೋಡಿದರೆ ಬೈದಾರೆಂದು ಸರ್ವಿಸಿಗೆ ಮುಂಚೆ ನಾನೇ ಬಿಚ್ಚಿ ಅಕ್ಕಿ ಡಬ್ಬಿಯ ಹಿಂದೆ ಅಡಗಿಸುತ್ತಿದ್ದೆ, ಗಾಡಿ ತಿರುಗಿ ಬಂದ ಮೇಲೆ ಮತ್ತೆ ಕಟ್ಟುತ್ತಿದ್ದೆ. ಈ ಸಲ ಹುಬ್ಬಳ್ಳಿಗೆ ನಾನೇ ಓಡಿಸಿಕೊಂಡು ಹೋಗಬೇಕಾಯಿತು, ಹಾಗಾಗಿ ಸಿಕ್ಕಿಬಿದ್ದೆ.

ಶೋರೂಮಿನಲ್ಲಿ ನನ್ನನ್ನು ಹಿಡಿದವಳ ಹೆಸರು ಅಶ್ವಿನಿ. ಕರಿ ಅಂಗಿ, ಕೈಯಲ್ಲಿ ಹಲಗೆಯಂಥ ಫೋನು, ನನ್ನ ಶಾಲೆಯಲ್ಲಿ ಓದಿದ ಹುಡುಗಿಯರ ವಯಸ್ಸು. ಅಲ್ಲಿ ಕುರ್ಚಿ ಮೆತ್ತಗಿತ್ತು, ಕಾಫಿ ಕೊಟ್ಟರು. ಗಾಜಿನ ಆಚೆ ನಮ್ಮ ಗಾಡಿಯನ್ನು ಎತ್ತರಕ್ಕೆ ಏರಿಸಿ ಅದರ ಹೊಟ್ಟೆಯ ಕೆಳಗೆ ಇಬ್ಬರು ನಿಂತಿದ್ದರು. ಗಾಜಿನ ಈಚೆಗೆ ಏನೂ ಕೇಳುತ್ತಿರಲಿಲ್ಲ, ಏನೂ ವಾಸನೆ ಬರುತ್ತಿರಲಿಲ್ಲ. ಅಶ್ವಿನಿ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಹೇಳಿದಳು. “ಮೇಡಂ, ಮ್ಯಾಲಿನ ಆರು ನಿಮ್ಮ ಇಷ್ಟ ರೀ. ಆದ್ರ ಆ ಕಟ್ಟಿಗಿ ತೆಗೀದ ಗಾಡಿ ಓಡಿಸಬ್ಯಾಡ್ರಿ. ಅದರ ಸಲುವಾಗಿನ ನಿಮ್ಮ ಕ್ಲಚ್ ಹೋಗೇತಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆರು ಸಾಲನ್ನು ಬೇಕಾದರೆ ನಂಬುತ್ತಿದ್ದೆ, ಮಿಸ್ತ್ರಿಯ ಕೈಯ ಕೆಲಸದಿಂದ ಕ್ಲಚ್ ಕೆಟ್ಟಿತು ಎಂದರೆ ಹೇಗೆ ನಂಬಲಿ? ಇವರಿಗೆ ಹೊಸ ಕ್ಲಚ್ ಮಾರಬೇಕಾಗಿದೆ, ಅದಕ್ಕೆ ನನ್ನ ಬಡ ಡಸ್ಟರಿನ ಮೇಲೆ ಅಪವಾದ ಎಂದು ಅಪ್ಪ ನನ್ನೊಳಗೆ ಕುಕ್ಕರುಗಾಲಲ್ಲಿ ಕೂತು ಹೇಳಿದ. ಏನೂ ಮಾಡುವುದು ಬೇಡ ಎಂದು ಗಾಡಿ ಇಳಿಸಿಕೊಂಡು ಬಂದೆ. ಬಂದ ಮೇಲೆ ಎರಡು ದಿನ ಆ ಪಟ್ಟಿ. ಹುಡುಗಿಯ ಮುಖ ಸುಳ್ಳು ಹೇಳುವ ಮುಖವಾಗಿರಲಿಲ್ಲ, ಮಕ್ಕಳ ಮುಖ ಓದುವುದು ನನಗೆ ಗೊತ್ತು. ಆದರೆ ಮುಖ ನೋಡಿ ಕ್ಲಚ್ ಬದಲಿಸಲು ಬರುತ್ತದೆಯೇ? ನನ್ನ ಮೂಗನ್ನು ಕೇಳೋಣವೆಂದರೆ ಅದರ ಯೋಗ್ಯತೆ ಆಗಲೇ ಹೇಳಿದೆ. ಮೂರನೆಯ ದಿನ ಕೇಕಿನ ಅಂಗಡಿಗೆ ಹೋಗಿ ಮಿಸ್ತ್ರಿಯ ವಿಚಾರ ಕೇಳಿದೆ. ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದರು.

ಕಲಘಟಗಿಯ ಮೇಲೆ ಹಾಯ್ದು ಸನವಳ್ಳಿ ಮುಟ್ಟುವವರೆಗೂ ದಾರಿಯುದ್ದಕ್ಕೂ ನೆಪಗಳನ್ನು ಹೊಂದಿಸುತ್ತಿದ್ದೆ. ಆರು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದರೆ ಅವ್ವ ತೀರಿಕೊಂಡಳು ಎನ್ನಬೇಕು, ನಿವೃತ್ತಿ ಆಯಿತು ಎನ್ನಬೇಕು, ಇವರ ಮೊಣಕಾಲು ಎನ್ನಬೇಕು. ಮೂರೂ ನಿಜವೇ, ಆದರೂ ನೆಪವೇ. ಅಂಗಳದಲ್ಲಿ ಗೋವಿನಜೋಳ ಹರವಿತ್ತು. ಮಿಸ್ತ್ರಿ ಅದರ ಪಕ್ಕ ಕೂತು ತೆನೆ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಾಡಿ ಬಂದು ನಿಂತರೂ ಅವರು ತಲೆ ಎತ್ತಲಿಲ್ಲ. ಮಗಳು ಭುಜ ಮುಟ್ಟಿ ತೋರಿಸಿದಾಗ ಅವರು ಮೊದಲು ಗುರುತು ಹಿಡಿದದ್ದು ಗಾಡಿಯನ್ನು, ಆಮೇಲೆ ನನ್ನನ್ನು. ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕೇಳಿದರು. “ಗಾಡಿ ಆರಾಮ ಐತೇನ್ರಿ ಅಕ್ಕೋರ?”

ಅಷ್ಟೇ. ನನ್ನ ನೆಪಗಳನ್ನು ಅವರು ಕೇಳಲೇ ಇಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಕಿವಿ ಕೇಳುವುದಿಲ್ಲ, ಮೂರು ವರ್ಷವಾಯಿತು, ಅದಕ್ಕೇ ಗ್ಯಾರೇಜ್ ಮುಚ್ಚಿದ್ದು ಎಂದು ಮಗಳು ಹೇಳಿದಳು. ಮಿಸ್ತ್ರಿ ರೋಗ ಕಂಡುಹಿಡಿಯುತ್ತಿದ್ದದ್ದೇ ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತರೆ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ನಾನು ಪಟ್ಟಿ ತೋರಿಸಿ ಜೋರಾಗಿ ಓದಿದೆ. ತುಟಿ ನೋಡಿ ಅರ್ಧ ತಿಳಿದುಕೊಂಡರು, ಉಳಿದದ್ದನ್ನು ಮಗಳು ಕಿವಿಯ ಹತ್ತಿರ ಕೊಂಕಣಿಯಲ್ಲಿ ಕೂಗಿದಳು. ಎಂಜಿನ್ ತೊಳೆಯುವ ಸಾಲಿಗೆ ಅವರು ಕೈ ಎತ್ತಿ ತಡೆದರು. ಒಲೆಯ ಊದುಗೊಳವೆ ತರಿಸಿದರು. ಗಾಡಿ ಚಾಲೂ ಮಾಡಿಸಿ, ಊದುಗೊಳವೆಯ ಒಂದು ತುದಿಯನ್ನು ಎಂಜಿನ್ನಿನ ಹತ್ತಿರ ತಾವೇ ಹಿಡಿದು ಇನ್ನೊಂದನ್ನು ನನ್ನ ಕಿವಿಗೆ ಕೊಟ್ಟರು. ಕೇಳಿಸಿದ್ದನ್ನು ಇಲ್ಲಿ ಹೇಳಿ ಎಂದು ಅಂಗಿಯ ತೋಳೇರಿಸಿ ಮುಂಗೈ ಮುಂದೆ ಮಾಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ, ಕೇಳಿದ ಹಾಗೆ ಅವರ ಕೈಯ ಮೇಲೆ ಬೆರಳಿನಿಂದ ಬಡಿದೆ. ಟಿಕ್ ಟಿಕ್ ಟಿಕ್ ಟಿಕ್. ಅವರೂ ಕಣ್ಣು ಮುಚ್ಚಿಕೊಂಡರು. ನಡುವೆ ಒಂದು ಬಡಿತವೂ ತಪ್ಪಲಿಲ್ಲ. ಬಹಳ ಹೊತ್ತು ಬಡಿಸಿಕೊಂಡರು, ಅಷ್ಟು ಬೇಕಾಗಿರಲಿಲ್ಲವೇನೋ. ಎಂಜಿನ್ ಚೆನ್ನಾಗಿದೆ, ತೊಳೆಯುವುದು ಬೇಡ ಎಂದರು. ಶಾಕ್ ಅಬ್ಸಾರ್ಬರ್ ಸೋರುವುದನ್ನು ನನ್ನ ಬೆರಳಿಗೇ ಮುಟ್ಟಿಸಿದರು, ಅದು ನಿಜ ಇತ್ತು.

ಕೊನೆಗೆ ಡ್ರೈವರ್ ಬಾಗಿಲು ತೆಗೆದು ಮಂಡಿಯೂರಿ ಪೆಡಲಿನ ಹತ್ತಿರ ಕೈ ಹಾಕಿದರು. ನಾನು ಹೆಮ್ಮೆಯಿಂದ ನಿಂತಿದ್ದೆ. ನೋಡಿ, ನಿಮ್ಮ ಕೆಲಸವನ್ನು ಹನ್ನೊಂದು ವರ್ಷ ಕಾಪಾಡಿದ್ದೇನೆ, ಆ ಹುಡುಗಿ ಏನೋ ಹೇಳುತ್ತಾಳೆ ಎಂದು ನನ್ನ ಮುಖ ಹೇಳುತ್ತಿದ್ದಿರಬೇಕು. ಅವರು ಹೊತ್ತಾದ ಮೇಲೆ ತಲೆ ಹೊರಗೆ ತೆಗೆದರು.

“ಈ ಗಂಟ ನನ್ನದಲ್ಲ.”

ನಾನು ಬಗ್ಗಿ ನೋಡಿದೆ. ಹೌದು. ಒಂದು ಬೋಲ್ಟು ಎಂದೋ ಅಕ್ಕಿ ಡಬ್ಬಿಯ ಹಿಂದೆ ಕಳೆದಿತ್ತು, ಅದರ ಬದಲು ನಾನು ಬಟ್ಟೆ ಒಣಹಾಕುವ ನೈಲಾನ್ ದಾರ ಸುತ್ತಿದ್ದೆ. ಆಮೇಲಿನ ವರ್ಷ ಇನ್ನೊಂದು ಬೋಲ್ಟೂ ಹೋಯಿತು, ದಾರದ ಮೇಲೆ ಸೀರೆಯ ಫಾಲ್ ಸುತ್ತಿದೆ. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಅಲ್ಲಿ ಮಿಸ್ತ್ರಿಯ ಕೆಲಸವೆಂದು ಉಳಿದದ್ದು ಎರಡು ತೂತು ಮಾತ್ರ. ಆ ತೂತಿನ ನಡುವೆ ಕಟ್ಟಿಗೆ ಸೀಳಿತ್ತು. ಇಷ್ಟು ದಿನ ನಾನು ನಂಬಿ ಕಾಲಿಟ್ಟದ್ದು ಅವರ ಕೈಯ ಮೇಲಲ್ಲ, ನನ್ನ ಗಂಟಿನ ಮೇಲೆ.

“ಅಣಶಿ ಘಟ್ಟದಾಗ ಇದು ಜಾರಿ ಬ್ರೇಕಿನ ಕೆಳಗ ಸಿಕ್ಕಿದ್ರ ಏನ್ ಮಾಡ್ತಿದ್ರಿ? ಆ ಹುಡಿಗಿ ಖರೇ ಹೇಳ್ಯಾಳ, ಅಕ್ಕೋರ.” ಕಾಲು ಯಾವಾಗಲೂ ಈ ಕಟ್ಟಿಗೆಯ ಮೇಲೆ ಭಾರ ಬಿಟ್ಟು ಕೂತಿರುತ್ತದೆ, ಒಳಗೆ ಕ್ಲಚ್ ತಿಕ್ಕುತ್ತಲೇ ಇರುತ್ತದೆ, ಅದಕ್ಕೇ ತಾನು ಒಂದೇ ತಿಂಗಳು ಅಂದದ್ದು ಎಂದು ವಿವರಿಸಿದರು. ಹಾಗಾದರೆ ಕ್ಲಚ್ ನಿಜವಾಗಿಯೂ ಹೋಗಿದೆಯೇ ಎಂದು ಕೇಳಿದೆ. ಅದನ್ನು ಹೇಳಲು ಈಗ ತನ್ನಿಂದಾಗುವುದಿಲ್ಲ, ಏರು ಹತ್ತುವಾಗ ಗೊತ್ತಾಗುತ್ತದೆ, ಹೋಗಿದ್ದರೆ ವಾಸನೆ ಬರುತ್ತದೆ ಎಂದರು. ಹೇಳಿದವರೇ ನೆನಪಾಗಿ ನಕ್ಕರು. “ಆದ್ರ ನಿಮ್ಮದು ದಾಂಡೇಲಿ ಮೂಗು.”

ಮಿಸ್ತ್ರಿ ಗಂಟುಗಳನ್ನು ಕತ್ತರಿಸಲಿಲ್ಲ, ಒಂದೊಂದಾಗಿ ಬಿಚ್ಚಿದರು. ಮಗಳು ಒಳಗಿನಿಂದ ಒಂದು ಗಟ್ಟಿ ಹತ್ತಿಯ ದಿಂಬು ತಂದಳು. ಅದನ್ನು ಸೀಟಿನ ಬೆನ್ನಿಗೆ ಇಟ್ಟು ನನ್ನದೇ ನೈಲಾನ್ ದಾರದಿಂದ ಬಿಗಿದು, ಕೂತು ನೋಡಿ ಎಂದರು. ಕೂತೆ. ಕಾಲು ಚಾಚಿದೆ. ಕ್ಲಚ್ ಪೂರ್ತಿ ಕೆಳಗೆ ಹೋಯಿತು. ಮತ್ತೊಮ್ಮೆ ಒತ್ತಿದೆ, ಮತ್ತೂ ಹೋಯಿತು. ಒಂದು ದಿಂಬಿನ ಕೆಲಸಕ್ಕೆ ನಾನು ಇಷ್ಟು ವರ್ಷ ಕಟ್ಟಿಗೆ ಕಟ್ಟಿಕೊಂಡಿದ್ದೆ. ನನ್ನ ಕೈಯಲ್ಲಿ ಕಲಿತ ಮಕ್ಕಳು ಯಾರೂ ಆ ಅಂಗಳದಲ್ಲಿ ಇರಲಿಲ್ಲ, ಪುಣ್ಯ.

ಇಳಿದು ಬಂದಾಗ ಮಿಸ್ತ್ರಿ ಡಸ್ಟರಿನ ಕಟ್ಟಿಗೆಯನ್ನು ಲುಂಗಿಯ ಅಂಚಿನಿಂದ ಒರೆಸಿ, ಮಗಳು ಕೊಟ್ಟ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಮೂಲೆ ಮಡಚುವ ರೀತಿ ಮೊದಲಿನದೇ. ಪದ್ಧತಿಯ ಪ್ರಕಾರ ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಸುತ್ತಿದ್ದನ್ನು ಎದೆಯ ಹತ್ತಿರ ಹಿಡಿದುಕೊಂಡು ನೆಲ ನೋಡಿದರು.

“ಇದೊಂದು ನನ್ನ ಹತ್ರ ಇರಲ್ರಿ, ಅಕ್ಕೋರ. ಗ್ಯಾರೇಜಿಂದ ನಾ ಏನೂ ಮನಿಗೆ ತಂದಿಲ್ಲ. ಎಲ್ಲಾ ಮಾಲಕರಿಗೆ ಕೊಟ್ಟೆ.”

ನನ್ನ ಮನೆಯ ತುಳಸಿ ಕುಂಡ ನೆನಪಾಯಿತು, ಅಡುಗೆಮನೆಯ ಬಾಗಿಲು ನೆನಪಾಯಿತು. ಏನು ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ಅವರ ಮುಂಗೈಯ ಮೇಲೆ ಬೆರಳಿನಿಂದ ಎರಡು ಸಲ ಬಡಿದು ಗಾಡಿ ಹತ್ತಿದೆ. ಕನ್ನಡಿಯಲ್ಲಿ ನೋಡಿದಾಗ ಅವರು ಇನ್ನೂ ಅಲ್ಲೇ ನಿಂತಿದ್ದರು, ಗೋವಿನಜೋಳದ ನಡುವೆ.

ಮುಂಡಗೋಡದ ದಾರಿಯಲ್ಲಿ ಒಂದು ಏರಿದೆ. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರು ತೆವಳುತ್ತಿತ್ತು, ನಾನು ಅದರ ಹಿಂದೆ ಮೆಲ್ಲಗೆ ಹತ್ತುತ್ತಿದ್ದೆ. ಕಿಟಕಿ ತೆರೆದಿತ್ತು. ಮಿಲ್ಲಿನ ವಾಸನೆ ಬಂತು. ಎಷ್ಟು ವರ್ಷದ ಮೇಲೆ ಅಷ್ಟು ಗಾಢವಾಗಿ, ಎದೆ ತುಂಬುವ ಹಾಗೆ. ಊರು ಬಂತು ಎಂದು ಮನಸ್ಸು ಹಿಗ್ಗಿತು. ಎಡಗೈ ತಾನಾಗಿ ಪಕ್ಕದ ಸೀಟಿನ ಮೇಲಿನ ಚೀಲವನ್ನು ಹತ್ತಿರ ಎಳೆದುಕೊಂಡಿತು.

ದಾಂಡೇಲಿ ಅಲ್ಲಿಂದ ಎರಡು ತಾಸಿನ ದಾರಿ.

ಗೊತ್ತಾದ ಮೇಲೂ ನಾನು ಕಿಟಕಿಯನ್ನು ಏರಿಸಲಿಲ್ಲ. ಏರು ಮುಗಿಯುವವರೆಗೆ ಆ ವಾಸನೆಯನ್ನು ಉಸಿರು ತುಂಬ ಎಳೆದುಕೊಂಡೆ. ಹಿಂದಿನ ಖಾಲಿ ಸೀಟಿನಲ್ಲಿ ಅವ್ವ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕುತ್ತಿದ್ದಳು. ಇನ್ನೂ ಊರು ಬಂದಿಲ್ಲವ್ವ, ಕೂತಿರು ಎಂದು ಗಟ್ಟಿಯಾಗಿ ಹೇಳಿ, ಮುಂಡಗೋಡದಲ್ಲಿ ಗಾಡಿಯನ್ನು ಹುಬ್ಬಳ್ಳಿಯ ಶೋರೂಮಿನ ಕಡೆ ಹೊರಳಿಸಿದೆ.